ಎರರ್ ಬಂದರೆ ಪುಣ್ಯ

ಫೋನ್ ಎತ್ತಿದ ಕೂಡಲೇ ಕೇಳಿಬರುತ್ತಿದ್ದ ಮಾತು ಹೆಚ್ಚುಕಮ್ಮಿ ಒಂದೇ: “ಸರ್, ನಿಮ್ಮ ಸಾಫ್ಟ್‌ವೇರ್ ತಪ್ಪು ಲೆಕ್ಕ ಕೊಡ್ತಾ ಇದೆ.”

ಅಸಲಿಗೆ ಅದು ನಮ್ಮದಲ್ಲ. ಹೊರದೇಶದ ಕಂಪನಿಯೊಂದು ಮಾಡಿದ್ದು. ಅದನ್ನು ಇಲ್ಲಿ ಮಾರುವುದು, ಕೊಂಡವರಿಗೆ ಕಲಿಸುವುದು, ಆಮೇಲೆ ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳುವುದು ಬೆಂಗಳೂರಿನ ನಮ್ಮ ಸಣ್ಣ ಆಫೀಸಿನ ಕಸುಬು. ಸಾರಿಗೆ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮುಗಿಸಿ ಅಲ್ಲಿಗೆ ಸೇರಿದ ನನಗೆ ಸಿಕ್ಕಿದ್ದು ಸಪೋರ್ಟ್ ಮೇಜು. ನಮ್ಮ ಮೆಟ್ರೊ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಮಾತ್ರ ಓಡುತ್ತಿದ್ದ ಕಾಲ ಅದು. 2011ರ ಅಕ್ಟೋಬರ್‌ನಲ್ಲಿ ಆ ತುಂಡು ಮಾರ್ಗ ಶುರುವಾದ ಮೇಲೆ ಮೆಟ್ರೊ, ವರ್ತುಲ ರಸ್ತೆ, ಮೇಲ್ಸೇತುವೆ, ನಗರಕ್ಕೊಂದು ಸಮಗ್ರ ಸಂಚಾರ ಯೋಜನೆ ಎಂದು ವರದಿ ಬರೆಯುವ ಕೆಲಸ ಎಲ್ಲ ಕಡೆ ಜೋರಾಗಿತ್ತು. ಬರೆಯುವವರು ಒಂದಲ್ಲ ಒಂದು ದಿನ ನಮಗೆ ಫೋನ್ ಮಾಡಲೇಬೇಕು.

ಈ ಸಾಫ್ಟ್‌ವೇರ್ ಮಾಡುವುದೇನು ಎಂದು ಮನೆಯವರಿಗೆ ಹೇಳಿ ಒಪ್ಪಿಸುವುದೇ ಕಷ್ಟವಾಗಿತ್ತು. ಊರನ್ನು ಜೋನ್‌ಗಳಾಗಿ ಕತ್ತರಿಸುತ್ತೇವೆ. ಬೆಂಗಳೂರಾದರೆ ಆಗಿನ ಪಾಲಿಕೆಯ 198 ವಾರ್ಡುಗಳಿಂದ ಶುರು ಮಾಡಿ, ಬೇಕಾದಲ್ಲಿ ಇನ್ನಷ್ಟು ಸಣ್ಣ ತುಂಡು ಮಾಡುತ್ತಿದ್ದರು. ಕೂಡುರಸ್ತೆಗಳು ನೋಡ್, ನಡುವಿನ ರಸ್ತೆಗಳು ಲಿಂಕ್. ಯಾವ ಜೋನ್‌ನಿಂದ ಎಷ್ಟು ಜನ ಹೊರಡುತ್ತಾರೆ, ಎಲ್ಲಿಗೆ ಹೋಗುತ್ತಾರೆ, ಬಸ್ಸೋ ಬೈಕೋ ಕಾರೋ, ಯಾವ ದಾರಿ ಹಿಡಿಯುತ್ತಾರೆ ಎಂಬ ನಾಲ್ಕು ಪ್ರಶ್ನೆಗಳಿಗೆ ಒಂದಾದ ಮೇಲೊಂದು ಲೆಕ್ಕ ಕಟ್ಟುವುದು ಇದರ ಕ್ರಮ. 1950ರ ದಶಕದಲ್ಲಿ ಡೆಟ್ರಾಯಿಟ್, ಷಿಕಾಗೊ ನಗರಗಳ ಅಧ್ಯಯನಗಳಲ್ಲಿ ರೂಪುಗೊಂಡ ಕ್ರಮವಿದು. ಜರ್ಮನಿಯ ವಿಸುಮ್, ಅಮೆರಿಕದ ಟ್ರಾನ್ಸ್‌ಕ್ಯಾಡ್, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹುಟ್ಟಿದ ಸ್ಯಾಟರ್ನ್, ಯಾವುದನ್ನೇ ತೆರೆದರೂ ಒಳಗಿನ ಬೇರು ಇದೇ. ಕಡೆಗೆ ಪರದೆಯ ಮೇಲೆ ಪ್ರತಿ ರಸ್ತೆಗೂ ಒಂದು ಪಟ್ಟೆ ಬರುತ್ತದೆ. ವಾಹನ ಹೆಚ್ಚಿದಷ್ಟೂ ಪಟ್ಟೆ ದಪ್ಪ. ಆ ಪಟ್ಟೆ ತೋರಿಸಿ ಕೋಟಿಗಟ್ಟಲೆ ರೂಪಾಯಿಯ ಕಾಮಗಾರಿಗೆ ಮಂಜೂರಾತಿ ಕೇಳುತ್ತಾರೆ.

ಸೇರಿದ ಹೊಸದರಲ್ಲಿ ಬಂದ ಪ್ರಶ್ನೆಗಳಲ್ಲಿ ಸಾರಿಗೆ ಶಾಸ್ತ್ರ ಇರಲೇ ಇಲ್ಲ. ಲೈಸೆನ್ಸ್‌ನ ಡಾಂಗಲ್ ಚುಚ್ಚಿದರೂ ಗುರುತಿಸುತ್ತಿಲ್ಲ. ಆಫೀಸಿನ ಆಂಟಿವೈರಸ್ ಅರ್ಧ ಫೈಲ್ ನುಂಗಿದೆ. ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ದಕ್ಕೆ 001 ಎಂಬ ಜೋನ್ ಸಂಖ್ಯೆ ಬರೀ 1 ಆಗಿ, ಯಾವ ಜೋನ್‌ನಿಂದ ಯಾವ ಜೋನ್‌ಗೆ ಎಷ್ಟು ಪ್ರಯಾಣ ಎಂಬ ಕೋಷ್ಟಕಕ್ಕೂ, ಅಂದರೆ ಮ್ಯಾಟ್ರಿಕ್ಸ್‌ಗೂ, ನಕ್ಷೆಗೂ ತಾಳೆ ತಪ್ಪಿದೆ. ಇಂಥವು ಬಂದಾಗ ನನಗೆ ನಿರಾಳ. ಕೆಂಪಕ್ಷರದಲ್ಲಿ ಎರರ್ ಬರುತ್ತದೆ, ಕೆಲಸ ನಿಲ್ಲುತ್ತದೆ, ಫೋನ್ ಮಾಡುತ್ತಾರೆ, ಸರಿ ಮಾಡುತ್ತೇವೆ. ಯಾರಿಗೂ ನಷ್ಟವಿಲ್ಲ.

ನಕ್ಷೆಯ ಪ್ರಶ್ನೆಗಳಲ್ಲಿ ಒಂದು ತಮಾಷೆಯೂ ಇತ್ತು. “ರಸ್ತೆ ಎಲ್ಲಾ ಇಂಪೋರ್ಟ್ ಆಗಿದೆ, ಆದ್ರೆ ಸ್ಕ್ರೀನ್ ಮೇಲೆ ಏನೂ ಕಾಣ್ತಿಲ್ಲ” ಎಂದು ಒಬ್ಬರು ಕರೆ ಮಾಡಿದರು. ಪೂರ್ತಿ ಜೂಮ್ ಔಟ್ ಮಾಡಿಸಿದೆ. ಬೆಂಗಳೂರು ಇರಬೇಕಾದ ಜಾಗ ಖಾಲಿ. ಮೇಲಕ್ಕೆ, ಯುರೋಪನ್ನೂ ದಾಟಿ ಉತ್ತರಕ್ಕೆ ಒಂದು ಚುಕ್ಕೆ. ಬೆಂಗಳೂರಿನ ಅಕ್ಷಾಂಶ ಸುಮಾರು 12.97, ರೇಖಾಂಶ 77.59. ಎರಡನ್ನೂ ಅದಲುಬದಲು ಮಾಡಿ ತುಂಬಿದ್ದರು. ಹಾಗಾಗಿ ಮೆಜೆಸ್ಟಿಕ್, ಮಾರ್ಕೆಟ್, ಶಿವಾಜಿನಗರ ಎಲ್ಲ ಕೂಡಿ ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಹಿಮಸಮುದ್ರಕ್ಕೆ ಹೋಗಿ ಬಿದ್ದಿದ್ದವು. ಊರು ಕಾಣದೇ ಹೋಗಿದ್ದರಿಂದ ಅವರು ಕೇಳಿದರು, ಒಳ್ಳೆಯದಾಯಿತು.

ಕೋಲಾರದ ಪ್ರಕರಣ ಅಷ್ಟು ಸುಲಭದ್ದಲ್ಲ. ಬೆಂಗಳೂರು–ಕೋಲಾರ ಹೆದ್ದಾರಿಯ ಲೆಕ್ಕಕ್ಕೆ ಇಬ್ಬರು ಎರಡು ತುದಿಯಿಂದ ನಕ್ಷೆ ಬರೆದು ತಂದಿದ್ದರು. ಒಟ್ಟಿಗೆ ಇಟ್ಟರೆ ಕೋಲಾರ ಬೆಂಗಳೂರಿಗಿಂತಲೂ ನೂರಾರು ಕಿಲೋಮೀಟರ್ ಪಶ್ಚಿಮಕ್ಕೆ ಜಿಗಿಯುತ್ತಿತ್ತು. ಭೂಮಿಯನ್ನು ಆರಾರು ಡಿಗ್ರಿ ರೇಖಾಂಶದ ಪಟ್ಟಿಗಳಾಗಿ ಹಂಚುವ ಯುಟಿಎಂ ಎಂಬ ಪದ್ಧತಿಯಲ್ಲಿ 43ನೇ ಪಟ್ಟಿ 78 ಡಿಗ್ರಿಗೆ ಮುಗಿದು 44ನೆಯದು ಶುರುವಾಗುತ್ತದೆ. ಆ ಗೆರೆ ಹೊಸಕೋಟೆ ದಾಟಿದ ಮೇಲೆ, ಕೋಲಾರ ಸಿಗುವ ಮುಂಚೆ ಹಾದುಹೋಗುತ್ತದೆ. ಬೆಂಗಳೂರಿನವರು 43 ಹಿಡಿದಿದ್ದರು, ಕೋಲಾರದವರು 44. ಇಬ್ಬರೂ ಸರಿ. ಕೂಡಿಸಿದ್ದು ಮಾತ್ರ ತಪ್ಪು. ಎರಡನ್ನೂ ಒಂದೇ ಪಟ್ಟಿಗೆ ತಂದ ಮೇಲೆ ರಸ್ತೆ ರಸ್ತೆಗೆ ಸೇರಿತು.

ಗೆರೆ ಗೆರೆಗೆ ಸೇರಿದ ಮಾತ್ರಕ್ಕೆ ರಸ್ತೆ ರಸ್ತೆಗೆ ಸೇರಿತು ಅನ್ನುವಂತಿಲ್ಲ ಎಂಬುದು ಮುಂದಿನ ಪಾಠ. ಪರದೆಯ ಮೇಲೆ ಎರಡು ರಸ್ತೆ ಅಡ್ಡಹಾಯುತ್ತವೆ. ನಮ್ಮ ಕಣ್ಣಿಗೆ ಅದು ಸರ್ಕಲ್. ಅಲ್ಲಿ ನೋಡ್ ಇಲ್ಲದಿದ್ದರೆ ಸಾಫ್ಟ್‌ವೇರ್‌ಗೆ ಅದು ಮೇಲೊಂದು ಕೆಳಗೊಂದು ಹೋಗುವ ರಸ್ತೆ. ತಿರುಗುವ ಮಾತೇ ಇಲ್ಲ. ಇದರ ಉಲ್ಟಾ ಕೂಡ ಆಗುತ್ತಿತ್ತು. ಹೆಬ್ಬಾಳದ ಮೇಲ್ಸೇತುವೆಯಂಥ ಜಾಗದಲ್ಲಿ ‘ಕೂಡುವಲ್ಲೆಲ್ಲ ನೋಡ್ ಹಾಕು’ ಎಂಬ ಒಂದು ಬಟನ್ ಒತ್ತಿದರೆ ಸಾಕು, ಸೇತುವೆ ಮೇಲಿನ ಕಾರು ಸೀದಾ ಕೆಳಗಿನ ಸರ್ವೀಸ್ ರಸ್ತೆಗೆ ತಿರುಗಿಕೊಳ್ಳುತ್ತದೆ. ಎರಡೂ ಸಂದರ್ಭದಲ್ಲಿ ಎರರ್ ಬರುವುದಿಲ್ಲ. ಲೆಕ್ಕ ಓಡುತ್ತದೆ, ಬಣ್ಣಬಣ್ಣದ ಪಟ್ಟೆ ಬರುತ್ತದೆ, ವರದಿಗೆ ಅಂಟುತ್ತದೆ. ನನಗೆ ಮೊದಲು ಭಯ ಹುಟ್ಟಿದ್ದು ಇಲ್ಲಿ.

ಹಾಗಾಗಿ ಕರೆ ಬಂದಾಗಲೆಲ್ಲ ನಾನು ಒಂದು ಕೆಲಸ ಮಾಡಿಸುತ್ತಿದ್ದೆ. “ನಿಮಗೆ ಚೆನ್ನಾಗಿ ಗೊತ್ತಿರೋ ಎರಡು ಜಾಗ ಹೇಳಿ. ಮನೆ, ಆಫೀಸು ಯಾವುದಾದ್ರೂ ಸರಿ. ಅವೆರಡರ ನಡುವೆ ಹತ್ತಿರದ ದಾರಿ ಹುಡುಕೋಕೆ ಹೇಳಿ.” ಸಾಫ್ಟ್‌ವೇರ್ ತೋರಿಸುವ ದಾರಿ ನೋಡಿದ ತಕ್ಷಣ ಫೋನಿನ ಆ ಕಡೆ ನಗು. “ಅಯ್ಯೋ, ಇದೇನ್ ಸರ್, ಮೈಸೂರು ರೋಡಿಂದ ಚಾಮರಾಜಪೇಟೆಗೆ ಬರೋಕೆ ಕೆಂಗೇರಿ ಸುತ್ತಾಕಿಸ್ತಿದೆ!” ನಡುವೆ ಎಲ್ಲೋ ಒಂದು ಒನ್‌ವೇ ಉಲ್ಟಾ ಇರುತ್ತದೆ, ಇಲ್ಲವೇ ಒಂದು ಲಿಂಕ್ ಕಡಿದಿರುತ್ತದೆ. ನಗುನಗುತ್ತಲೇ ಅವರೇ ಹುಡುಕಿ ಸರಿಮಾಡುತ್ತಿದ್ದರು. ಯಾವ ಕೈಪಿಡಿಯೂ ಬೇಕಾಗುತ್ತಿರಲಿಲ್ಲ.

ಬಸ್ಸಿನ ವೇಳಾಪಟ್ಟಿ ಸೇರಿಸುವಾಗಿನ ಪ್ರಶ್ನೆಯೊಂದು ಮರೆಯುವಂಥದ್ದಲ್ಲ. ವೇಳಾಪಟ್ಟಿಗೆ ಜಗತ್ತೆಲ್ಲ ಬಳಸುವ ಜಿಟಿಎಫ್‌ಎಸ್ ಎಂಬ ನಮೂನೆಯಿದೆ. ಅದರಲ್ಲಿ 25:10 ಎಂಬ ಹೊತ್ತು ಕಂಡ ಹುಡುಗನೊಬ್ಬ, “ಇಪ್ಪತ್ತೈದು ಗಂಟೆ ಯಾವ ಊರಲ್ಲಿದೆ ಸರ್? ಅಂಥ ಸಾಲೆಲ್ಲ ಡಿಲೀಟ್ ಮಾಡಿದೀನಿ” ಅಂದ. ರಾತ್ರಿ ಹೊರಟ ಬಸ್ಸು ನಡುರಾತ್ರಿ ದಾಟಿ ಒಂದು ಗಂಟೆ ಹತ್ತು ನಿಮಿಷಕ್ಕೆ ನಿಲ್ದಾಣ ಸೇರಿದರೆ, ಹೊರಟ ದಿನದ ಲೆಕ್ಕದಲ್ಲೇ ಅದನ್ನು 25:10 ಎಂದು ಬರೆಯುವುದು ಆ ನಮೂನೆಯ ರೂಢಿ. ಸಾಲು ಅಳಿಸಿದ್ದಕ್ಕೆ ರಾತ್ರಿ ಪಾಳಿಯವರ ಬಸ್ಸುಗಳೆಲ್ಲ ಮಾಯವಾಗಿದ್ದವು. ಇಲ್ಲೂ ಎರರ್ ಇಲ್ಲ. ಡೇಟಾ ಈಗ ‘ಕ್ಲೀನ್’ ಆಗಿದೆ ಎಂದು ಅವನು ಸಂತೋಷದಲ್ಲಿದ್ದ.

ಹೆಚ್ಚು ಬಾರಿ ಬಂದ, ಹೆಚ್ಚು ಹೊತ್ತು ಹಿಡಿದ ಪ್ರಶ್ನೆಯನ್ನು ಎಲ್ಲರಿಗಿಂತ ಚೆನ್ನಾಗಿ ಕೇಳಿದವರು ಹುಬ್ಬಳ್ಳಿ ಕಡೆಯ ಎಂಜಿನಿಯರ್ ಒಬ್ಬರು. ವಯಸ್ಸಾದವರು, ನಿವೃತ್ತಿಗೆ ಹತ್ತಿರವಿದ್ದರು. “ಸರ್ರ, ಈ ರಸ್ತೆದಾಗ ತಾಸಿಗೆ ಸಾವಿರದ ಎಂಟನೂರು ಗಾಡಿ ಹೋಗ್ತಾವಂತ ಕೆಪ್ಯಾಸಿಟಿ ನಾನ ಬರದೇನ್ರಿ. ನಿಮ್ಮ ಸಾಫ್ಟ್‌ವೇರ್ ಎರಡ ಸಾವಿರದ ಏಳನೂರು ಹೋಗ್ಯಾವು ಅಂತೈತಿ. ಹಿಡಿಸಲಾರದ್ದು ಹ್ಯಾಂಗ ಹೋಗ್ತಾವ್ರಿ? ಮ್ಯಾಲಿನ ಒಂಬತ್ತನೂರು ಗಾಡಿ ಎಲ್ಲಿಟ್ಟೈತಿ ಅದು?”

ಎಂ.ಟೆಕ್. ತರಗತಿಯಲ್ಲಿ ನಾವ್ಯಾರೂ ಮೇಷ್ಟ್ರಿಗೆ ಹಾಕದ ಪ್ರಶ್ನೆ. ಉತ್ತರ ಹೀಗಿದೆ. ಈ ಬಗೆಯ ಲೆಕ್ಕದಲ್ಲಿ ರಸ್ತೆ ತುಂಬಿದರೆ ಬಾಗಿಲು ಮುಚ್ಚುವುದಿಲ್ಲ, ಪ್ರಯಾಣದ ಹೊತ್ತು ಏರುತ್ತದೆ ಅಷ್ಟೆ. ಏರಿಕೆಯ ಸೂತ್ರ ಅಮೆರಿಕದ ಬ್ಯೂರೋ ಆಫ್ ಪಬ್ಲಿಕ್ ರೋಡ್ಸ್ 1964ರಲ್ಲಿ ಕೊಟ್ಟದ್ದು. ಬಿಪಿಆರ್ ಎಂದೇ ಹೆಸರು. ವಾಹನಗಳ ಸಂಖ್ಯೆಯನ್ನು ಕೆಪ್ಯಾಸಿಟಿಯಿಂದ ಭಾಗಿಸಿ, ಬಂದದ್ದನ್ನು ನಾಲ್ಕನೇ ಘಾತಕ್ಕೇರಿಸಿ, 0.15ರಿಂದ ಗುಣಿಸಿದರೆ ಖಾಲಿ ರಸ್ತೆಗಿಂತ ಎಷ್ಟು ಪಾಲು ಹೆಚ್ಚು ಹೊತ್ತು ಎಂದು ಸಿಗುತ್ತದೆ. ರಸ್ತೆ ಸರಿಯಾಗಿ ತುಂಬಿದಾಗ ಶೇ. 15 ಹೆಚ್ಚು. ಅವರ ರಸ್ತೆಯ ಹಾಗೆ ಒಂದೂವರೆ ಪಟ್ಟಾದಾಗ ಶೇ. 76. ಅಂದರೆ ಹತ್ತು ನಿಮಿಷದ ದಾರಿ ಸುಮಾರು ಹದಿನೇಳೂವರೆ ನಿಮಿಷ. ಅಲ್ಲಿಗೆ ಮುಗಿಯಿತು. ಹಿಂದೆ ನಿಂತ ಸಾಲು ಎಷ್ಟುದ್ದ ಬೆಳೆಯಿತು, ಹಿಂದಿನ ಸರ್ಕಲ್ಲನ್ನು ಮುಚ್ಚಿತೇ ಎಂಬುದು ಅದಕ್ಕೆ ಗೊತ್ತಿಲ್ಲ.

“ಹಂಗಾರ ಎರಡ ಸಾವಿರದ ಏಳನೂರು ಅಂದ್ರ ಹೋದ ಗಾಡಿ ಅಲ್ಲ, ಹೋಗಬೇಕಂತ ಬಂದ ಗಾಡಿ” ಎಂದರು ಅವರು. ಅಷ್ಟೇ ರೀ, ಎಂದೆ. “ಹಂಗಂತ ವರದಿಯೊಳಗ ಯಾರೂ ಬರಿಯಂಗಿಲ್ಲಲ್ರೀ.” ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಂದಿನಿಂದ ತರಬೇತಿಯಲ್ಲಿ ವಿ ಬೈ ಸಿ, ಅಂದರೆ ವಾಹನಗಳನ್ನು ಕೆಪ್ಯಾಸಿಟಿಯಿಂದ ಭಾಗಿಸಿದ ಅಂಕಿ, 1ರ ಮೇಲೆ ಹೋದ ಪ್ರತಿ ರಸ್ತೆಗೂ ಅವರ ಮಾತನ್ನೇ ಹೇಳುತ್ತಿದ್ದೆ: ಇದು ಬೇಡಿಕೆ, ಹರಿವಲ್ಲ.

ಇನ್ನೊಂದು ದೂರು ಗಲ್ಲಿಗಳದ್ದು. ಮುಖ್ಯರಸ್ತೆ ಖಾಲಿ ತೋರಿಸಿ, ಯಾವುದೋ ಐದನೇ ಕ್ರಾಸಿನಲ್ಲಿ ಸಾವಿರಗಟ್ಟಲೆ ಕಾರು ಹರಿಸುತ್ತದೆ ಎಂದು. ಜೋನ್‌ನೊಳಗಿನ ಮನೆಮಠವನ್ನೆಲ್ಲ ಸಾಫ್ಟ್‌ವೇರ್ ನಡುವಿನ ಒಂದೇ ಬಿಂದುವಿಗೆ ತಂದು ಕೂರಿಸುತ್ತದೆ. ಅದಕ್ಕೆ ಸೆಂಟ್ರಾಯ್ಡ್ ಅನ್ನುತ್ತಾರೆ. ಅಲ್ಲಿಂದ ರಸ್ತೆಗೆ ಎಳೆದ ಕಾಲ್ಪನಿಕ ದಾರಿಯೇ ಕನೆಕ್ಟರ್. ಇಡೀ ವಾರ್ಡಿಗೆ ಒಂದೇ ಕನೆಕ್ಟರ್ ಎಳೆದು, ಅದನ್ನು ಐದನೇ ಕ್ರಾಸಿಗೆ ತಾಗಿಸಿದರೆ ಇಡೀ ವಾರ್ಡಿನ ಜನ ಬೆಳಿಗ್ಗೆ ಒಂಬತ್ತಕ್ಕೆ ಅದೇ ಕ್ರಾಸಿನಿಂದಲೇ ಹೊರಬರಬೇಕು. “ನಿಮ್ಮ ಏರಿಯಾದವರು ನಿಜವಾಗಿ ಯಾವ್ಯಾವ ಕಡೆಯಿಂದ ಮೇನ್ ರೋಡಿಗೆ ಬರ್ತಾರೆ, ಅಲ್ಲೆಲ್ಲ ಒಂದೊಂದು ಎಳೀರಿ” ಎಂದರೆ ಕೆಲಸ ಮುಗಿಯಿತು. ಆದರೆ ಅದನ್ನು ಹೇಳಬೇಕಾದರೆ ಆ ಏರಿಯಾ ನೋಡಿರಬೇಕು. ಹಲವರು ನೋಡಿರುತ್ತಿರಲಿಲ್ಲ. ಬೇರೆ ರಾಜ್ಯದ ಆಫೀಸಿನಲ್ಲಿ ಕೂತು ನಮ್ಮ ಊರಿಗೆ ಕನೆಕ್ಟರ್ ಎಳೆಯುತ್ತಿದ್ದರು.

ಕಷ್ಟದ ಪ್ರಶ್ನೆಗಳು ಬರುತ್ತಿದ್ದದ್ದು ಎರಡು ಲೆಕ್ಕಗಳನ್ನು ಹೋಲಿಸುವಾಗ. ಮೇಲ್ಸೇತುವೆ ಇಲ್ಲದೆ ಒಂದು, ಇದ್ದು ಒಂದು. ವ್ಯತ್ಯಾಸವೇ ಆ ಸೇತುವೆಯ ಫಲ. ಒಬ್ಬಳು ಜಾಣ ಹುಡುಗಿ ಕೇಳಿದಳು: “ಸರ್, ನಾನು ಸೇತುವೆ ಹಾಕಿದ್ದು ಯಲಹಂಕ ಕಡೆ. ಊರಿನ ಆ ತುದಿಯ ಬನಶಂಕರಿಯಲ್ಲಿ ಯಾಕೆ ಗಾಡಿ ಹೆಚ್ಚುಕಮ್ಮಿ ಆಗ್ತಿದೆ?”

ಜನ ದಾರಿ ಆರಿಸಿಕೊಳ್ಳುವ ಲೆಕ್ಕದ ಆಧಾರ, ಇಂಗ್ಲೆಂಡಿನ ಜಾನ್ ವಾರ್ಡ್ರಾಪ್ 1952ರಲ್ಲಿ ಮುಂದಿಟ್ಟ ತತ್ವ: ದಾರಿ ಬದಲಿಸಿ ಯಾರೊಬ್ಬರಿಗೂ ಹೊತ್ತು ಉಳಿಯದ ಸ್ಥಿತಿಗೆ ಸಂಚಾರ ಬಂದು ನಿಲ್ಲುತ್ತದೆ. ಆ ಸ್ಥಿತಿಯನ್ನು ಒಂದೇ ಏಟಿಗೆ ಮುಟ್ಟಲಾಗದು. ಮಾರ್ಗರೀಟ್ ಫ್ರಾಂಕ್ ಮತ್ತು ಫಿಲಿಪ್ ವುಲ್ಫ್ 1956ರಲ್ಲಿ ಕೊಟ್ಟ ಗಣಿತದ ದಾರಿ ಹಿಡಿದು ಮತ್ತೆಮತ್ತೆ ತಿದ್ದುತ್ತ ಹತ್ತಿರ ಹೋಗುವುದು ಹಳೆಯ ಸಾಫ್ಟ್‌ವೇರ್‌ಗಳ ಪದ್ಧತಿ. ಶುರುವಿಗೆ ಬೇಗ ಓಡುತ್ತದೆ, ಗುರಿಯ ಹತ್ತಿರ ತೆವಳುತ್ತದೆ. ಇನ್ನೆಷ್ಟು ದೂರ ಬಾಕಿ ಎಂದು ತೋರಿಸುವ ಅಂಕಿಗೆ ಗ್ಯಾಪ್ ಎಂದು ಹೆಸರು. ಆ ಹುಡುಗಿಯ ಆಫೀಸಿನಲ್ಲಿ ಬೇಗ ಮುಗಿಯಲಿ ಎಂದು ಗ್ಯಾಪ್ ಶೇ. 1ಕ್ಕೆ ಬಂದಾಗಲೇ ನಿಲ್ಲಿಸುತ್ತಿದ್ದರು. ಬನಶಂಕರಿಯ ಏರಿಳಿತ ಸೇತುವೆಯ ಫಲವಲ್ಲ, ಅರ್ಧಕ್ಕೆ ನಿಲ್ಲಿಸಿದ ಲೆಕ್ಕದ ಗಲಾಟೆ. ಡೇವಿಡ್ ಬಾಯ್ಸ್ ಮತ್ತು ಸಂಗಡಿಗರು 2004ರಲ್ಲಿ ಇದೇ ವಿಷಯಕ್ಕೆ ಒಂದು ಪ್ರಬಂಧ ಬರೆದು, ಗ್ಯಾಪ್ ಶೇ. 0.01ಕ್ಕಾದರೂ ಇಳಿಯಬೇಕು ಎಂದಿದ್ದರು. ರಾತ್ರಿ ಪೂರ್ತಿ ಓಡಿಸಿ ಎಂದೆ. ಮರುದಿನ ಬೆಳಿಗ್ಗೆ ಬನಶಂಕರಿ ಸುಮ್ಮನಾಗಿತ್ತು. ಯಲಹಂಕದ ಲಾಭವೂ ಮೊದಲಿನಷ್ಟು ಉಳಿದಿರಲಿಲ್ಲ. “ಇದನ್ನ ನಮ್ಮ ಬಾಸ್‌ಗೆ ನೀವೇ ಹೇಳಿ ಸರ್” ಎಂದಳು.

ಹಾಗಂತ ವಿಚಿತ್ರ ಕಂಡದ್ದೆಲ್ಲ ತಪ್ಪಲ್ಲ. ಹೊಸ ರಸ್ತೆ ಸೇರಿಸಿದರೆ ಎಲ್ಲರ ಪ್ರಯಾಣದ ಹೊತ್ತೂ ಹೆಚ್ಚಾಯಿತು, ಸಾಫ್ಟ್‌ವೇರ್ ಕೆಟ್ಟಿದೆ ಎಂದು ಬಂದವರಿಗೆ ನಾನು ಕಾಗದದ ಮೇಲೆ ಮಾಡಿ ತೋರಿಸುತ್ತಿದ್ದ ಲೆಕ್ಕವೊಂದಿದೆ. ಒಂದು ಊರಿಂದ ಇನ್ನೊಂದಕ್ಕೆ 4000 ಕಾರು ಹೋಗಬೇಕು. ದಾರಿ ಎರಡು. ಎರಡರಲ್ಲೂ ಒಂದೊಂದು ಅಗಲ ರಸ್ತೆ, ಎಷ್ಟೇ ಕಾರಿದ್ದರೂ 45 ನಿಮಿಷ. ಒಂದೊಂದು ಕಿರಿದಾದ ಸೇತುವೆ, ನೂರು ಕಾರಿಗೆ ಒಂದು ನಿಮಿಷದಂತೆ ಏರುತ್ತದೆ. ಮೊದಲ ದಾರಿಯಲ್ಲಿ ಸೇತುವೆ ಶುರುವಿನಲ್ಲಿದೆ, ಎರಡನೆಯದರಲ್ಲಿ ಕೊನೆಯಲ್ಲಿ. ಕಾರುಗಳು ಅರ್ಧರ್ಧ ಹಂಚಿಕೊಂಡರೆ 20 ಮತ್ತು 45, ಒಟ್ಟು 65 ನಿಮಿಷ. ಈಗ ಒಂದು ಸೇತುವೆಯ ಕೊನೆಯಿಂದ ಇನ್ನೊಂದರ ಶುರುವಿಗೆ, ಹೊತ್ತೇ ಹಿಡಿಯದ ಹೊಸ ಅಡ್ಡರಸ್ತೆ ಹಾಕಿ. ಪ್ರತಿಯೊಬ್ಬರಿಗೂ ಎರಡು ಸೇತುವೆ ಹಿಡಿಯುವುದೇ ಲಾಭ ಅನ್ನಿಸುತ್ತದೆ. ಎಲ್ಲರೂ ನುಗ್ಗಿದ ಮೇಲೆ 40 ಮತ್ತು 40, ಒಟ್ಟು 80 ನಿಮಿಷ. ಹಳೆಯ ದಾರಿಗೆ ಒಬ್ಬರೇ ಮರಳಿದರೆ 85. ಆದ್ದರಿಂದ ಯಾರೂ ಮರಳುವುದಿಲ್ಲ. ಜರ್ಮನಿಯ ಗಣಿತಜ್ಞ ಡೀಟ್ರಿಚ್ ಬ್ರಾಸ್ 1968ರಲ್ಲಿ ತೋರಿಸಿಕೊಟ್ಟ ವಿರೋಧಾಭಾಸ ಇದು. ಕೂಡಿ ಕಳೆದು ನೋಡಿದ ಮೇಲೂ ಕೆಲವರು ತಲೆ ಅಲ್ಲಾಡಿಸುತ್ತಿದ್ದರು. “ರಸ್ತೆ ಮಾಡಿದ್ರೆ ಟ್ರಾಫಿಕ್ ಜಾಸ್ತಿ ಆಗುತ್ತೆ ಅಂತ ಬರೆದ್ರೆ ನಮ್ ಬಿಲ್ ಪಾಸಾಗಲ್ಲ ಸರ್” ಎಂದು ಒಬ್ಬರು ನೇರವಾಗಿಯೇ ಹೇಳಿದರು.

ಬಿಲ್ಲಿನ ಮಾತು ಬಂದಲ್ಲಿ ಪ್ರಶ್ನೆಗಳ ಧಾಟಿಯೇ ಬೇರೆ. ವರದಿ ಸಲ್ಲಿಸಲು ಎರಡು ದಿನ ಇರುವಾಗ ಒಂದು ಸಂಸ್ಥೆಯ ಹುಡುಗ ಕೇಳಿದ: “ಸರ್, ರೋಡಲ್ಲಿ ಎಣಿಸಿದ ಗಾಡಿಗೂ ಮಾಡೆಲ್ ಗಾಡಿಗೂ ಮ್ಯಾಚ್ ಮಾಡೋ ಬಟನ್ ಏನಾದ್ರೂ ಇದೆಯಾ?”

ಇದೆ. ಅದೇ ಸಂಕಟ. ಎಣಿಕೆಗೆ ತಕ್ಕಂತೆ ಮ್ಯಾಟ್ರಿಕ್ಸನ್ನೇ ತಿದ್ದಿಕೊಡುವ ಸೌಲಭ್ಯ ಇಂಥ ಎಲ್ಲ ದೊಡ್ಡ ಸಾಫ್ಟ್‌ವೇರ್‌ಗಳಲ್ಲೂ ಉಂಟು. ಹದವಾಗಿ ಬಳಸಿದರೆ ಒಳ್ಳೆಯದು. ಅವನು ಹದ ಮೀರಿ ಒತ್ತಿದ್ದ. ಎಣಿಸಿದ ರಸ್ತೆಗಳೆಲ್ಲ ಚೊಕ್ಕವಾಗಿ ತಾಳೆಯಾದವು. ಸ್ಕ್ರೀನ್ ಹಂಚಿಕೊಂಡು ಒಳಗೆ ನೋಡಿದರೆ, ಎಣಿಕೆ ಮಾಡಿದ ಜಾಗದ ಆಚೀಚೆಯ ಎರಡು ಜೋನ್‌ಗಳ ನಡುವೆ ಸಾವಿರಗಟ್ಟಲೆ ಪುಟ್ಟ ಪ್ರಯಾಣಗಳನ್ನು ಸಾಫ್ಟ್‌ವೇರ್ ತಾನೇ ಹುಟ್ಟಿಸಿ ತುಂಬಿತ್ತು. ಊರಿನ ಸರಾಸರಿ ಪ್ರಯಾಣದ ದೂರ ಎದ್ದು ಕಾಣುವಷ್ಟು ಇಳಿದಿತ್ತು. ಮನೆಮನೆ ಸಮೀಕ್ಷೆ ಮಾಡಿ, ಜನರ ಹತ್ತಿರ ಕೇಳಿ ಬರೆದುಕೊಂಡದ್ದೆಲ್ಲ ಅಳಿಸಿಹೋಗಿತ್ತು. ಇವತ್ತಿನ ಎಣಿಕೆಗೆ ಹೊಂದುವ ಈ ಮ್ಯಾಟ್ರಿಕ್ಸ್‌ನಿಂದ ಇಪ್ಪತ್ತು ವರ್ಷದ ಮುಂದಿನದನ್ನು ಹೇಳುವುದು ಹೇಗೆ? ತಿದ್ದುವ ಮುಂಚಿನ ಮತ್ತು ಆಮೇಲಿನ ಪ್ರಯಾಣದ ದೂರಗಳನ್ನು ಒಂದೇ ಚಿತ್ರದಲ್ಲಿ ಹಾಕಿ ವರದಿಗೆ ಸೇರಿಸಿ ಎಂದು ಹೇಳಿದೆ. ಹುಡುಗನಿಗೆ ಅರ್ಥವಾಯಿತು. ಆ ಚಿತ್ರ ವರದಿಯಲ್ಲಿ ಬರಲಿಲ್ಲ.

ತಾಳೆ ನೋಡುವ ಅಳತೆಗೂ ಕರೆ ಬರುತ್ತಿತ್ತು. ಲಂಡನ್ನಿನ ಜೆಫ್ರಿ ಹೇವರ್ಸ್ 1970ರ ದಶಕದಲ್ಲಿ ರೂಪಿಸಿದ, ಅವರ ಹೆಸರಿನ ಅಕ್ಷರಗಳಿಂದಲೇ ಜಿಇಎಚ್ ಎನಿಸಿಕೊಂಡ ಸೂತ್ರ ಬಳಕೆಯಲ್ಲಿದೆ. ವ್ಯತ್ಯಾಸದ ವರ್ಗವನ್ನು ಇಮ್ಮಡಿ ಮಾಡಿ, ಎರಡೂ ಅಂಕಿಗಳ ಮೊತ್ತದಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. 5ರ ಒಳಗಿದ್ದರೆ ಚೆನ್ನ, ಶೇ. 85ರಷ್ಟು ಜಾಗಗಳಲ್ಲಿ ಹಾಗಿರಬೇಕು ಎಂಬುದು ಬ್ರಿಟನ್ನಿನ ಮಾನದಂಡ. ಸಾವಿರ ಎಣಿಸಿದಲ್ಲಿ ಮಾಡೆಲ್ ಸಾವಿರದ ನೂರು ತೋರಿಸಿದರೆ 3.1, ಪರವಾಗಿಲ್ಲ. ನೂರು ಎಣಿಸಿದಲ್ಲಿ ಇನ್ನೂರು ತೋರಿಸಿದರೆ 8.2, ಸರಿಯಿಲ್ಲ. ಎರಡರಲ್ಲೂ ಅಂತರ ನೂರೇ. “ನಮ್ದು ಎಲ್ಲಾ ಕಡೆ ಹತ್ತರ ಹತ್ತಿರ ಬರ್ತಿದೆ” ಎಂದು ಗಾಬರಿಯಾದವರಿಗೆ, ಅದು ಒಂದು ಗಂಟೆಯ ಎಣಿಕೆಗೆ ಮಾಡಿದ ಸೂತ್ರ, ನೀವು ಇಡೀ ದಿನದ್ದು ಹಾಕಿದ್ದೀರಿ ಎಂದು ಬಿಡಿಸಿ ಹೇಳಬೇಕಾಗುತ್ತಿತ್ತು. ಹತ್ತು ಸಾವಿರಕ್ಕೆ ಹನ್ನೊಂದು ಸಾವಿರ ಬಂದರೆ ಅದೇ ಶೇ. 10 ವ್ಯತ್ಯಾಸಕ್ಕೆ 9.8 ಆಗುತ್ತದೆ.

ಆ ಆಫೀಸು ಬಿಟ್ಟ ಮೇಲೆ ನನಗೆ ಸಿಕ್ಕವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ದುಬಾರಿ ಲೈಸೆನ್ಸ್ ಅವರ ಕೈಗೆಟುಕದು. ಜರ್ಮನಿಯ ವಾಯು ಮತ್ತು ಅಂತರಿಕ್ಷ ಸಂಶೋಧನಾ ಕೇಂದ್ರ ಡಿಎಲ್‌ಆರ್ 2001ರಲ್ಲಿ ಬಿಡುಗಡೆ ಮಾಡಿದ ಸುಮೋ ಎಂಬ ಸಾಫ್ಟ್‌ವೇರ್ ಉಚಿತ. ಇದರಲ್ಲಿ ಪಟ್ಟೆಗಳ ಬದಲು ಒಂದೊಂದೇ ವಾಹನ ಓಡುವುದು ಕಾಣುತ್ತದೆ. ಮೊದಲ ಪ್ರಶ್ನೆ ಯಾವಾಗಲೂ, ಗಾಡಿಗಳು ಬಲಗಡೆ ಯಾಕೆ ಓಡುತ್ತವೆ ಎಂದು. ಅದಕ್ಕೊಂದು ಎಡಗಡೆಯ ಆಯ್ಕೆ ಇದೆ, ನಕ್ಷೆ ತಯಾರಿಸುವಾಗಲೇ ಕೊಡಬೇಕು. ಎರಡನೆಯದು, “ಸರ್, ಸಿಗ್ನಲ್ಲಲ್ಲಿ ನಿಂತಿದ್ದ ಕಾರು ಇದ್ದಕ್ಕಿದ್ದ ಹಾಗೆ ಮಾಯ ಆಗುತ್ತೆ.”

ಮಾಯವಾಗಿ ಇನ್ನೊಂದು ಕಡೆ ಪ್ರತ್ಯಕ್ಷವಾಗುವುದು ಸುಮೋದ ಕ್ರಮ. 300 ಸೆಕೆಂಡು ಅಲುಗದೆ ನಿಂತ ವಾಹನವನ್ನು ಅದು ಎತ್ತಿ, ಅದರದೇ ದಾರಿಯಲ್ಲಿ ಮುಂದೆ ಎಲ್ಲಿ ಜಾಗವಿದೆಯೋ ಅಲ್ಲಿಗೆ ಇಳಿಸುತ್ತದೆ. ಇಲ್ಲದಿದ್ದರೆ ಇಡೀ ನಗರ ಗಂಟು ಬಿದ್ದು ನಿಲ್ಲುತ್ತದೆ. ಎತ್ತಿದಾಗಲೆಲ್ಲ ಕೆಳಗಿನ ಕಿಟಕಿಯಲ್ಲಿ ಒಂದು ಸಾಲು ಎಚ್ಚರಿಕೆ ಬರೆಯುತ್ತದೆ. ಆ ಕಿಟಕಿಯನ್ನು ಹುಡುಗರು ಮುಚ್ಚಿಟ್ಟಿರುತ್ತಾರೆ. ಒಬ್ಬನ ಪ್ರಾಜೆಕ್ಟ್‌ನಲ್ಲಿ, ದಟ್ಟಣೆಗೆ ಹೆಸರಾದ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಸರಾಗವಾಗಿ ಹರಿಯುತ್ತಿತ್ತು. ನೋಡಿದವರಿಗೆಲ್ಲ ಖುಷಿ. ಕಿಟಕಿ ತೆರೆಸಿದರೆ ಸಾಲುಸಾಲು ಎಚ್ಚರಿಕೆ. ಎತ್ತುವುದನ್ನು ನಿಲ್ಲಿಸಿ ಓಡಿಸು ಎಂದೆ. ಸ್ವಲ್ಪ ಹೊತ್ತಿಗೆಲ್ಲ ಜಂಕ್ಷನ್ ಕಟ್ಟಿಕೊಂಡಿತು. “ಈಗ ಸಿಲ್ಕ್ ಬೋರ್ಡ್ ಥರ ಕಾಣ್ತಿದೆ ಸರ್” ಎಂದು ನಕ್ಕ. ಆದರೆ ಕಟ್ಟಿಕೊಂಡದ್ದಕ್ಕೆ ಕಾರಣ ನಿಜವಾದ ದಟ್ಟಣೆಯಲ್ಲ. ಓಪನ್ ಸ್ಟ್ರೀಟ್ ಮ್ಯಾಪ್‌ನಿಂದ ತಂದ ನಕ್ಷೆಯಲ್ಲಿ ಒಂದೇ ಜಂಕ್ಷನ್ ಹಲವು ನೋಡ್‌ಗಳಾಗಿ ಒಡೆದಿತ್ತು, ಸಿಗ್ನಲ್ ಸಮಯಗಳನ್ನು ಸಾಫ್ಟ್‌ವೇರ್ ತಾನೇ ಊಹಿಸಿ ಹಾಕಿತ್ತು. ನೋಡ್ ಕೂಡಿಸಿ, ಸ್ಥಳಕ್ಕೆ ಹೋಗಿ ಸಿಗ್ನಲ್ ಅಳೆದುಕೊಂಡು ಬಂದ ಮೇಲೆ ಪ್ರಾಜೆಕ್ಟ್ ದಾರಿಗೆ ಬಂತು.

ಮೂರನೆಯ ಪ್ರಶ್ನೆ ದ್ವಿಚಕ್ರ ವಾಹನದ್ದು. ಬೈಕುಗಳು ಪ್ರಾರ್ಥನೆಗೆ ನಿಂತ ಶಾಲಾ ಮಕ್ಕಳ ಹಾಗೆ ಒಂದರ ಹಿಂದೊಂದು ಸಾಲಾಗಿ ನಿಂತಿರುತ್ತವೆ. ಲೇನ್ ಅಂದರೆ ಲೇನ್ ಎಂದು ನಂಬುವ ದೇಶದಲ್ಲಿ ಹುಟ್ಟಿದ ಸಾಫ್ಟ್‌ವೇರ್. ಲೇನನ್ನು ಅಡ್ಡಕ್ಕೆ ಇನ್ನೂ ಸಣ್ಣ ಪಟ್ಟಿಗಳಾಗಿ ಸೀಳುವ ಆಯ್ಕೆ ಅದರಲ್ಲಿದೆ. ಕೊಟ್ಟರೆ ಬೈಕುಗಳು ಸಂದಿಯಲ್ಲಿ ನುಸುಳಿ ಮುಂದೆ ಬರುತ್ತವೆ. ಪಟ್ಟೆಗಳ ಲೆಕ್ಕದಲ್ಲೂ ಇದೇ ತಾಪತ್ರಯ. ಭಾರತೀಯ ರಸ್ತೆ ಕಾಂಗ್ರೆಸ್‌ನ 1990ರ ಮಾರ್ಗಸೂಚಿಯಲ್ಲಿ ದ್ವಿಚಕ್ರ ವಾಹನವನ್ನು, ಸಂಚಾರದಲ್ಲಿ ಅದರ ಪಾಲು ಎಷ್ಟು ಎಂಬುದರ ಮೇಲೆ, 0.5 ಅಥವಾ 0.75 ಕಾರಿಗೆ ಸಮ ಎಂದು ಹಿಡಿದಿದ್ದಾರೆ. ಯಾವುದನ್ನು ಹಿಡಿದಿರಿ ಎಂಬ ಒಂದೇ ಪ್ರಶ್ನೆಗೆ ನಮ್ಮ ಊರುಗಳ ಲೆಕ್ಕ ಬುಡಮೇಲಾಗುತ್ತದೆ. ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ (ಸಿಆರ್‌ಆರ್‌ಐ) 2017ರಲ್ಲಿ ನಮ್ಮ ರಸ್ತೆಗಳಿಗೆಂದೇ ಕೈಪಿಡಿ ತಂದ ಮೇಲೂ 1990ರ ಅಂಕಿಯನ್ನು ಕಣ್ಣುಮುಚ್ಚಿ ತುಂಬುವವರನ್ನು ನೋಡಿದ್ದೇನೆ.

ಇಷ್ಟು ವರ್ಷ ಪ್ರಶ್ನೆ ಕೇಳಿಸಿಕೊಂಡ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಎರರ್ ಬಂದವರು ಪುಣ್ಯವಂತರು, ಅವರ ತಪ್ಪು ಆ ದಿನವೇ ಸರಿಯಾಯಿತು. ವಿಚಿತ್ರ ಕಂಡು ಫೋನ್ ಮಾಡಿದವರೂ ಬುದ್ಧಿವಂತರು. ಹುಬ್ಬಳ್ಳಿಯ ಹಿರಿಯರಿಗೆ ಸಾಫ್ಟ್‌ವೇರ್ ಅಷ್ಟಾಗಿ ಬರುತ್ತಿರಲಿಲ್ಲ, ರಸ್ತೆ ಬರುತ್ತಿತ್ತು. ಅಪಾಯ ಇರುವುದು ಎರರ್ ಇಲ್ಲದೆ ಓಡಿ, ಯಾರಿಗೂ ವಿಚಿತ್ರ ಅನ್ನಿಸದೆ, ಯಾರೂ ಫೋನ್ ಮಾಡದೆ ಬೈಂಡಾಗಿ ಹೋದ ಲೆಕ್ಕಗಳಲ್ಲಿ. ಅವುಗಳ ಮೇಲೆ ಕಂಬಗಳು ಏಳುತ್ತವೆ, ಮರಗಳು ಉರುಳುತ್ತವೆ.

ಆದ್ದರಿಂದ ಓದುಗರಲ್ಲಿ ಒಂದು ಮನವಿ. ನಿಮ್ಮ ಊರಿಗೆ ಮೇಲ್ಸೇತುವೆಯೋ ಸುರಂಗವೋ ಬರುತ್ತದೆ ಎಂದು ವಿವರವಾದ ಯೋಜನಾ ವರದಿ (ಡಿಪಿಆರ್) ಹಿಡಿದು ಬಂದವರನ್ನು ಮೂರು ಮಾತು ಕೇಳಿ. ಈ ಲೆಕ್ಕ ಇವತ್ತಿನ ಸಂಚಾರಕ್ಕೆ ಎಷ್ಟು ತಾಳೆಯಾಗುತ್ತದೆ, ಲೆಕ್ಕ ತಿದ್ದಲು ಬಳಸದೆ ಬೇರೆಯಾಗಿ ಇಟ್ಟ ಎಣಿಕೆಗಳೊಂದಿಗೆ ತೋರಿಸಿ. ಏನೂ ಕಟ್ಟದಿದ್ದರೆ ಏನಾಗುತ್ತದೆ ಎಂಬ ಲೆಕ್ಕ ಎಲ್ಲಿ? ಕಟ್ಟಿದರೆ, ಕಟ್ಟದಿದ್ದರೆ ಎಂಬ ಎರಡು ಲೆಕ್ಕಗಳ ವ್ಯತ್ಯಾಸ ಗ್ಯಾಪ್‌ನ ಗಲಾಟೆಗಿಂತ ದೊಡ್ಡದಿದೆಯೇ? ಎಂಜಿನಿಯರಿಂಗ್ ಓದಿರಬೇಕಿಲ್ಲ, ಆ ರಸ್ತೆಯಲ್ಲಿ ದಿನವೂ ಓಡಾಡುವವರಾಗಿದ್ದರೆ ಸಾಕು. ಈ ಮೂರಕ್ಕೆ ಉತ್ತರ ಸಿಗದ ವರದಿಯಲ್ಲಿ ಮುಂದಿನ ಇಪ್ಪತ್ತು ವರ್ಷದ ಅಂಕಿಗಳು ಎಷ್ಟೇ ದಶಮಾಂಶದವರೆಗೆ ಅಚ್ಚಾಗಿದ್ದರೂ ನಂಬುವ ಅಗತ್ಯವಿಲ್ಲ.